ಸೊಳ್ಳೆ ಪರದೆ ಎಷ್ಟರಮಟ್ಟಿಗೆ ಕಾಯುತ್ತದೆ? ಕೀಟನಾಶಕ ಲೇಪಿತ ಪರದೆಗಳನ್ನು ಅಳೆದು ನೋಡುವ ಕ್ರಮ

ಊರಿಗೆ ಸೊಳ್ಳೆ ಪರದೆಗಳು ಬಂದಾಗ ಅವನ್ನು ಎಣಿಸುವುದು ಸುಲಭ. ಇಷ್ಟು ಮನೆಗಳಿಗೆ ಇಷ್ಟು ಪರದೆಗಳನ್ನು ಹಂಚಲಾಯಿತೆಂದು ವಹಿಯಲ್ಲಿ ಬರೆದು ಸಹಿ ಪಡೆದರೆ ಆ ಲೆಕ್ಕ ಮುಗಿಯಿತು. ಆ ಪರದೆಗಳಿಂದಾಗಿ ಎಷ್ಟು ಮಕ್ಕಳು ಮಲೇರಿಯಾದಿಂದ ಪಾರಾದರು ಎಂಬ ಲೆಕ್ಕ ಮಾತ್ರ ಅಷ್ಟು ಸುಲಭದ್ದಲ್ಲ. ಬಂದ ಜ್ವರ ಆಸ್ಪತ್ರೆಯ ದಾಖಲೆಯಲ್ಲಿ ಕಾಣುತ್ತದೆ. ಬಾರದೆ ಹೋದ ಜ್ವರ ಯಾವ ದಾಖಲೆಯಲ್ಲಿಯೂ ಕಾಣುವುದಿಲ್ಲ. ಕಣ್ಣಿಗೆ ಕಾಣದ ಈ ಲಾಭವನ್ನು ಅಳೆಯಲು ವಿಜ್ಞಾನಿಗಳು ನಾಲ್ಕು ದಶಕಗಳಿಂದ ಅನುಸರಿಸುತ್ತ ಬಂದಿರುವ ಕ್ರಮವೇನು, ಅದರಿಂದ ತಿಳಿದುಬಂದದ್ದೇನು, ನಮ್ಮ ಮನೆಗಳಲ್ಲಿರುವ ಪರದೆಯನ್ನು ನಾವೇ ಹೇಗೆ ಪರೀಕ್ಷಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ವಿಷಯ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳು ಸಂಭವಿಸಿ, 5 ಲಕ್ಷ 97 ಸಾವಿರ ಜನ ಮೃತಪಟ್ಟರು. ಈ ಸಾವುಗಳಲ್ಲಿ ಸುಮಾರು ಶೇ 95ರಷ್ಟು ಆಫ್ರಿಕಾ ಖಂಡದವು. ಅಲ್ಲಿ ಸತ್ತವರಲ್ಲಿ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. ಆದುದರಿಂದಲೇ ಪರದೆಗಳ ದೊಡ್ಡ ಪರೀಕ್ಷೆಗಳು ಹೆಚ್ಚಾಗಿ ಆಫ್ರಿಕಾದ ಹಳ್ಳಿಗಳಲ್ಲಿ ನಡೆದಿವೆ.

ಈ ರೋಗದ ಚರಿತ್ರೆಗೂ ಕನ್ನಡಿಗರು ಬಾಳುತ್ತಿರುವ ಗಡಿನಾಡುಗಳಿಗೂ ನಂಟುಂಟು. ಮಲೇರಿಯಾ ಹರಡುವ ಬಗೆಯನ್ನು ಅರಸುತ್ತಿದ್ದ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರಿಗೆ 1897ರಲ್ಲಿ ನೀಲಗಿರಿಯ ಸಿಗೂರು ಘಾಟಿನ ಪರಿಸರದಲ್ಲಿ ಸೊಳ್ಳೆಗಳನ್ನು ಹುಡುಕುತ್ತಿದ್ದಾಗ ಸ್ವತಃ ಆ ಜ್ವರ ತಗುಲಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಸೊಳ್ಳೆಯೇ ರೋಗವಾಹಕವೆಂದು ತಿಳಿದ ಮೇಲೆ ಪರದೆಯು ನಿದ್ರೆಯ ಸುಖಕ್ಕೆ ಕಟ್ಟುವ ಬಟ್ಟೆಯಾಗಿ ಉಳಿಯಲಿಲ್ಲ, ರೋಗ ತಡೆಯುವ ಸಾಧನವಾಯಿತು.

ಪರದೆ ಕೆಲಸ ಮಾಡುವ ಬಗೆ

ಮಲೇರಿಯಾ ಹರಡುವುದು ಹೆಣ್ಣು ಅನಾಫಿಲಿಸ್ ಸೊಳ್ಳೆ. ಅದು ಕಚ್ಚುವುದು ಮುಖ್ಯವಾಗಿ ಸಂಜೆಯಿಂದ ಬೆಳಗಿನ ಜಾವದವರೆಗೆ. ಬರಿಯ ಬಟ್ಟೆಯ ಪರದೆ ಸೊಳ್ಳೆಗೂ ಮನುಷ್ಯನಿಗೂ ನಡುವೆ ಗೋಡೆಯಂತೆ ನಿಲ್ಲುತ್ತದೆ. ಆದರೆ ಅದರಲ್ಲಿ ಒಂದು ತೂತು ಬಿದ್ದರೆ, ಅಥವಾ ಮಲಗಿದವರ ಕೈ ಪರದೆಗೆ ಒತ್ತಿಕೊಂಡರೆ ಆ ರಕ್ಷಣೆ ಅಲ್ಲಿಗೆ ತೀರಿತು. ಕೀಟನಾಶಕ ಲೇಪಿಸಿದ ಪರದೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮಲಗಿದವರ ಉಸಿರು, ಮೈಶಾಖಗಳ ಜಾಡು ಹಿಡಿದು ಬಂದ ಸೊಳ್ಳೆ ಪರದೆಯ ಮೇಲೆ ಕುಳಿತಾಗ ಕೀಟನಾಶಕವು ಅದರ ನರಗಳನ್ನು ಕೆಡಿಸುತ್ತದೆ. ಸೊಳ್ಳೆ ಉರುಳಿ ಬೀಳುತ್ತದೆ, ಸಾಯುತ್ತದೆ, ಇಲ್ಲವೆ ದೂರ ಸರಿಯುತ್ತದೆ. ಇದಕ್ಕೆ ಬಳಸುವುದು ಪೈರೆಥ್ರಾಯ್ಡ್ ಗುಂಪಿನ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಮೊದಲಾದ ರಾಸಾಯನಿಕಗಳನ್ನು. ಪರದೆಗೆ ಬಳಸುವ ಪ್ರಮಾಣದಲ್ಲಿ ಅವು ಕೀಟಗಳಿಗೆ ಮಾರಕವಾದರೂ ಮನುಷ್ಯರಿಗೆ ಅಪಾಯ ಬಹಳ ಕಡಿಮೆ.

ಸೊಳ್ಳೆಯನ್ನು ಕೊಲ್ಲುವುದರ ಮಹತ್ವ ಇನ್ನೂ ಹಿರಿದು. ರೋಗಿಯ ರಕ್ತದ ಮೂಲಕ ಸೊಳ್ಳೆಯೊಳಗೆ ಹೊಕ್ಕ ಪರೋಪಜೀವಿ ಅಲ್ಲಿ ಬೆಳೆದು ಬೇರೊಬ್ಬರಿಗೆ ದಾಟಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು. ಈ ಅವಧಿಯಲ್ಲಿ ಸೊಳ್ಳೆ ಮತ್ತೆ ಮತ್ತೆ ರಕ್ತವನ್ನರಸಿ ಮನೆಗಳಿಗೆ ಬರುತ್ತದೆ. ಪ್ರತಿ ಮನೆಯಲ್ಲೂ ಲೇಪಿತ ಪರದೆಯಿದ್ದರೆ ರೋಗ ದಾಟಿಸುವಷ್ಟು ದಿನ ಬದುಕುವ ಸೊಳ್ಳೆಗಳೇ ಕಡಿಮೆಯಾಗುತ್ತವೆ. ಪಶ್ಚಿಮ ಕೀನ್ಯದ ಅಸೆಂಬೊ ಪ್ರದೇಶದಲ್ಲಿ ನಡೆದ ಪರೀಕ್ಷೆಯಲ್ಲಿ, ಪರದೆಯಿದ್ದ ಹಳ್ಳಿಗಳಿಂದ ಸುಮಾರು 300 ಮೀಟರಿನೊಳಗೆ ಪರದೆಯಿಲ್ಲದೆ ವಾಸಿಸುತ್ತಿದ್ದ ಮಕ್ಕಳಿಗೂ ರಕ್ಷಣೆ ದೊರೆತದ್ದು ಕಂಡುಬಂತು. ನೆರೆಮನೆಯ ಪರದೆ ನಮ್ಮ ಮಗುವನ್ನೂ ಸ್ವಲ್ಪಮಟ್ಟಿಗೆ ಕಾಯುತ್ತದೆ. ನಮ್ಮ ಪರದೆ ನೆರೆಮನೆಯ ಮಗುವನ್ನು ಕಾಯುತ್ತದೆ.

ಪ್ರಯೋಗಾಲಯದಿಂದ ಗುಡಿಸಲಿಗೆ

ಹೊಸ ಬಗೆಯ ಪರದೆಯ ಪರೀಕ್ಷೆ ಪ್ರಯೋಗಾಲಯದಲ್ಲಿ ಆರಂಭವಾಗುತ್ತದೆ. ಪರದೆಯ ತುಂಡಿನ ಮೇಲೆ ಶಂಕುವಿನಾಕಾರದ ಸಣ್ಣ ಪಾರದರ್ಶಕ ಮುಚ್ಚಳವನ್ನಿಟ್ಟು ಅದರೊಳಗೆ ಕೆಲವು ಹೆಣ್ಣು ಸೊಳ್ಳೆಗಳನ್ನು ಬಿಡುತ್ತಾರೆ. ಮೂರು ನಿಮಿಷ ಮಾತ್ರ ಅವು ಪರದೆಯ ಸಂಪರ್ಕದಲ್ಲಿರುತ್ತವೆ. ಒಂದು ಗಂಟೆಯ ಬಳಿಕ ಎಷ್ಟು ಸೊಳ್ಳೆಗಳು ಉರುಳಿಬಿದ್ದಿವೆ, 24 ಗಂಟೆಗಳ ಬಳಿಕ ಎಷ್ಟು ಸತ್ತಿವೆ ಎಂದು ಎಣಿಸುತ್ತಾರೆ. ನೂರರಲ್ಲಿ 95 ಉರುಳಿಬಿದ್ದಿದ್ದರೆ ಇಲ್ಲವೆ 80 ಸತ್ತಿದ್ದರೆ ಪರದೆ ಈ ಹಂತದಲ್ಲಿ ತೇರ್ಗಡೆಯಾದಂತೆ. ಹೊಸ ಪರದೆ ಇದರಲ್ಲಿ ಗೆಲ್ಲುವುದು ಹೆಚ್ಚುಗಾರಿಕೆಯಲ್ಲ. ‘ದೀರ್ಘಬಾಳಿಕೆಯ ಪರದೆ’ ಎಂಬ ಹೆಸರು ಪಡೆಯಬೇಕಾದರೆ ನಿಗದಿತ ರೀತಿಯಲ್ಲಿ 20 ಸಲ ಒಗೆದ ಮೇಲೂ ಅದು ಪರಿಣಾಮಕಾರಿಯಾಗಿರಬೇಕು, ಮನೆಗಳಲ್ಲಿ ಮೂರು ವರ್ಷ ಬಳಸಿದ ಮೇಲೂ ಉಪಯೋಗಕ್ಕೆ ಬರಬೇಕು. ಹಿಂದಿನ ಪರದೆಗಳನ್ನು ಆಗಾಗ ಕೀಟನಾಶಕದ ದ್ರಾವಣದಲ್ಲಿ ಅದ್ದಿ ಒಣಗಿಸಬೇಕಾಗಿತ್ತು. ಈಗಿನವುಗಳಲ್ಲಿ ಕೀಟನಾಶಕವನ್ನು ನೂಲಿನೊಳಗೇ ಬೆರೆಸಿರುತ್ತಾರೆ ಅಥವಾ ನೂಲಿಗೆ ಅಂಟಿಕೊಳ್ಳುವಂತೆ ಲೇಪಿಸಿರುತ್ತಾರೆ.

ಎರಡನೆಯ ಹಂತ ಪರೀಕ್ಷಾ ಗುಡಿಸಲಿನದು. ಸೊಳ್ಳೆಗಳು ಒಳಬರಲು ಅನುಕೂಲವಿರುವ, ಹೊರಹೋಗುವ ದಾರಿಯಲ್ಲಿ ಬಲೆಯಿರುವ ಗುಡಿಸಲನ್ನು ಕಟ್ಟಿ, ಅದರೊಳಗೆ ಪರದೆಯಡಿ ಸ್ವಯಂಸೇವಕರು ಮಲಗುತ್ತಾರೆ. ಅವರ ಆರೋಗ್ಯದ ಮೇಲೆ ವೈದ್ಯರ ನಿಗಾ ಇರುತ್ತದೆ. ಮನೆಗಳಲ್ಲಿ ಪರದೆ ಹರಿಯುವುದು ಸಹಜವಾದ್ದರಿಂದ, ಪರೀಕ್ಷೆಯ ಪರದೆಯಲ್ಲೂ ಬೇಕೆಂದೇ ನಾಲ್ಕು ಸೆಂಟಿಮೀಟರ್ ಚೌಕದ ಆರು ತೂತುಗಳನ್ನು ಕತ್ತರಿಸಿರುತ್ತಾರೆ. ಬೆಳಗಾದ ಮೇಲೆ ಗುಡಿಸಲಿನಲ್ಲಿರುವ ಸೊಳ್ಳೆಗಳಲ್ಲಿ ಸತ್ತವೆಷ್ಟು, ರಕ್ತ ಹೀರಿದವೆಷ್ಟು, ಓಡಿಹೋಗಲೆತ್ನಿಸಿ ಬಲೆಗೆ ಬಿದ್ದವೆಷ್ಟು ಎಂದು ವಿಂಗಡಿಸುತ್ತಾರೆ.

ಹಳ್ಳಿಗಳ ಪರೀಕ್ಷೆ

ಸೊಳ್ಳೆ ಸತ್ತಿತೆಂದ ಮಾತ್ರಕ್ಕೆ ಮಗು ಉಳಿಯಿತೆಂದು ಹೇಳಲಾಗದು. ಅದನ್ನು ತಿಳಿಯಲು ಹಳ್ಳಿಗಳಿಗೇ ಹೋಗಬೇಕು. ಪರದೆ ಕೊಟ್ಟ ವರ್ಷ ಜ್ವರ ಕಡಿಮೆಯಾದರೆ ಅದು ಪರದೆಯ ಫಲವೋ, ಮಳೆ ಕಡಿಮೆಯಾದುದರ ಫಲವೋ? ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿದರೆ ಇದು ತಿಳಿಯುವುದಿಲ್ಲ. ಆದುದರಿಂದ ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಹೋಲಿಕೆಗೆಂದು ಬೇರೆ ಹಳ್ಳಿಗಳು ಬೇಕು. ಯಾವ ಹಳ್ಳಿಗೆ ಪರದೆ ಮೊದಲು ಎಂಬುದನ್ನು ಯಾರ ಶಿಫಾರಸಿಗೂ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಬೇಕು; ಇಲ್ಲವಾದರೆ ರಸ್ತೆ, ಆಸ್ಪತ್ರೆ ಹತ್ತಿರವಿರುವ ಊರುಗಳಿಗೇ ಪರದೆ ಸಿಕ್ಕಿ ಲೆಕ್ಕ ತಪ್ಪುತ್ತದೆ. ಮನೆಮನೆಗೆ ಬೇರೆ ಬೇರೆ ಚೀಟಿ ಎತ್ತುವುದಕ್ಕಿಂತ ಇಡೀ ಹಳ್ಳಿಗೊಂದು ಚೀಟಿ ಎತ್ತುವುದು ಮೇಲು. ಏಕೆಂದರೆ ಒಂದು ಮನೆಯ ಪರದೆಯ ಗುಣ ಪಕ್ಕದ ಮನೆಗೂ ತಗಲುತ್ತದೆಂದು ಮೇಲೆ ನೋಡಿದೆವು.

ಇಂಥ ಅಧ್ಯಯನಗಳಲ್ಲಿ ಮೊದಲು ಜಗತ್ತಿನ ಗಮನ ಸೆಳೆದದ್ದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ. ಅಲ್ಲಿನ ಜನರಿಗೆ ಪರದೆ ಹೊಸತಾಗಿರಲಿಲ್ಲ. ಅವರಲ್ಲಿದ್ದ ಪರದೆಗಳಿಗೇ ಪರ್ಮೆಥ್ರಿನ್ ಲೇಪಿಸಲಾಯಿತು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವು ಶೇ 63ರಷ್ಟು ಇಳಿದಿತ್ತು. ನಂಬಲು ಕಷ್ಟವಾಗುವಷ್ಟು ದೊಡ್ಡ ಅಂಕಿಯಿದು. ಒಂದೇ ಪರೀಕ್ಷೆಯನ್ನು ನೆಚ್ಚದೆ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಡನೆ ಇನ್ನೂ ದೊಡ್ಡ ಅಧ್ಯಯನಗಳನ್ನು ಬೇರೆ ಬೇರೆ ದೇಶಗಳಲ್ಲಿ ನಡೆಸಲಾಯಿತು. ಗ್ಯಾಂಬಿಯಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಕ್ಕಳ ಸಾವಿನ ಇಳಿಕೆ ಶೇ 25, ಕೀನ್ಯದ ಕಿಲಿಫಿಯಲ್ಲಿ ಶೇ 33, ಘಾನಾದಲ್ಲಿ ಶೇ 17, ಪರದೆಯ ಬದಲು ಬಾಗಿಲು ಕಿಟಕಿಗಳಿಗೆ ಲೇಪಿತ ತೆರೆ ಕಟ್ಟಿದ ಬುರ್ಕಿನಾ ಫಾಸೊದಲ್ಲಿ ಶೇ 15. ಅಂಕಿಗಳು ಮೊದಲಿನದಕ್ಕಿಂತ ಚಿಕ್ಕವಾದರೂ ಎಲ್ಲವೂ ಒಂದೇ ದಿಕ್ಕನ್ನು ತೋರಿಸಿದವು.

ಈ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯು, ಪರದೆಯೇ ಇಲ್ಲದ ಸ್ಥಿತಿಗೆ ಹೋಲಿಸಿದರೆ ಲೇಪಿತ ಪರದೆಯಿಂದ ಮಕ್ಕಳ ಒಟ್ಟು ಸಾವು ಶೇ 17ರಷ್ಟು ಕಡಿಮೆಯಾಗುತ್ತದೆಂದು ಕಂಡುಕೊಂಡಿತು. ಮಲೇರಿಯಾ ವರ್ಷವಿಡೀ ನೆಲೆಸಿರುವ ಕಡೆಗಳಲ್ಲಿ ಸಾಮಾನ್ಯ ಮಲೇರಿಯಾ ಜ್ವರ ಸುಮಾರು ಅರ್ಧಕ್ಕಿಳಿಯುತ್ತದೆಂದೂ ಹೇಳಿತು. ಶೇಕಡಾವಾರು ಅಂಕಿ ಕೆಲವೊಮ್ಮೆ ಅರ್ಥವನ್ನು ಮರೆಮಾಡುತ್ತದೆ. ಅದನ್ನೇ ಮಕ್ಕಳ ಲೆಕ್ಕದಲ್ಲಿ ಹೇಳುವುದಾದರೆ, ಆ ಸೀಮೆಗಳಲ್ಲಿ ಸಾವಿರ ಮಕ್ಕಳನ್ನು ಪರದೆಯಡಿ ಒಂದು ವರ್ಷ ಮಲಗಿಸಿದರೆ ಐದಾರು ಮಕ್ಕಳ ಜೀವ ಉಳಿಯುತ್ತದೆ. ಮಲೇರಿಯಾ ವಿರಳವಾಗಿರುವ ಊರಿನಲ್ಲಿ ಈ ಸಂಖ್ಯೆ ಸಹಜವಾಗಿಯೇ ಚಿಕ್ಕದಾಗುತ್ತದೆ. ಒಂದೂರಿನ ಅಂಕಿಯನ್ನು ಇನ್ನೊಂದೂರಿಗೆ ಹಾಗೆಯೇ ಹೊರಿಸಬಾರದು.

ಆಗ ಒಂದು ಆತಂಕವೂ ಇತ್ತು. ಎಳವೆಯಲ್ಲಿ ಸೊಳ್ಳೆ ಕಚ್ಚದಿದ್ದರೆ ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯದೆ, ಸಾವು ಕೆಲವು ವರ್ಷ ಮುಂದಕ್ಕೆ ಹೋಗುವುದಷ್ಟೆಯೇ ಎಂಬ ಪ್ರಶ್ನೆ ಅದು. ಘಾನಾ, ಬುರ್ಕಿನಾ ಫಾಸೊಗಳ ಮಕ್ಕಳನ್ನು ಮುಂದೆಯೂ ಗಮನಿಸಿದಾಗ ಹಾಗಾದದ್ದು ಕಾಣಲಿಲ್ಲ. ಟಾಂಜಾನಿಯಾದಲ್ಲಿ 1998ರಿಂದ 2000ದ ನಡುವೆ ಹುಟ್ಟಿದ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ಬದುಕನ್ನು ಎರಡು ದಶಕ ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಳವೆಯಲ್ಲಿ ಲೇಪಿತ ಪರದೆಯನ್ನು ಹೆಚ್ಚಾಗಿ ಬಳಸಿದವರಲ್ಲಿ ಸಾವಿನ ಪ್ರಮಾಣ, ಕಡಿಮೆ ಬಳಸಿದವರಿಗಿಂತ ಶೇ 43ರಷ್ಟು ತಗ್ಗಿತ್ತು.

ಹಂಚಿದ ಪರದೆ, ಬಳಸಿದ ಪರದೆ

ಪರೀಕ್ಷೆಯಲ್ಲಿ ಗೆದ್ದ ಪರದೆ ಮನೆಯಲ್ಲಿ ಸೋಲುವುದುಂಟು. ಗ್ಯಾಂಬಿಯಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೊದಲು ಕೀಟನಾಶಕವನ್ನು ಉಚಿತವಾಗಿ ಕೊಡಲಾಗಿತ್ತು. ಬಳಿಕ ಅದಕ್ಕೆ ಸಣ್ಣದೊಂದು ಶುಲ್ಕ ವಿಧಿಸಿದಾಗ, ಲೇಪಿತ ಪರದೆಗಳ ಪ್ರಮಾಣ ಶೇ 80ರ ಸುಮಾರಿನಿಂದ ಶೇ 14ರಷ್ಟಕ್ಕೆ ಕುಸಿಯಿತು. ಪರದೆ ಅದೇ, ಜನ ಅವರೇ, ಸೊಳ್ಳೆಗಳೂ ಅವೇ. ರಕ್ಷಣೆ ಮಾತ್ರ ಇಲ್ಲವಾಯಿತು. ಬಿಟ್ಟಿಯಾಗಿ ಸಿಕ್ಕಿದ ವಸ್ತುವಿಗೆ ಬೆಲೆಯಿಲ್ಲ, ಹಣ ಕೊಟ್ಟವರೇ ಜೋಪಾನವಾಗಿ ಬಳಸುತ್ತಾರೆ ಎಂಬ ವಾದವನ್ನು ಪಶ್ಚಿಮ ಕೀನ್ಯದ ಗರ್ಭಿಣಿಯರ ತಪಾಸಣಾ ಕೇಂದ್ರಗಳಲ್ಲಿ ಪರೀಕ್ಷಿಸಲಾಯಿತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬೆಲೆಯನ್ನು ಸೊನ್ನೆಯಿಂದ ಅರುವತ್ತು ಅಮೆರಿಕನ್ ಸೆಂಟಿಗೆ ಏರಿಸಿದೊಡನೆ ಪರದೆ ಪಡೆಯುವವರು ನೂರಕ್ಕೆ 60ರಷ್ಟು ಇಳಿದರು. ಹಣ ಕೊಟ್ಟವರು ಉಚಿತವಾಗಿ ಪಡೆದವರಿಗಿಂತ ಹೆಚ್ಚು ಬಳಸಿದ್ದೂ ಕಾಣಲಿಲ್ಲ.

ಆದುದರಿಂದ ಸಮೀಕ್ಷೆಗೆ ಬಂದವರು ‘ಮನೆಯಲ್ಲಿ ಪರದೆ ಇದೆಯೆ’ ಎಂಬ ಒಂದೇ ಪ್ರಶ್ನೆಗೆ ನಿಲ್ಲುವುದಿಲ್ಲ. ಇಬ್ಬರಿಗೊಂದರಂತೆ ಸಾಕಷ್ಟು ಪರದೆಗಳಿವೆಯೆ? ನಿನ್ನೆ ರಾತ್ರಿ ಯಾರು ಯಾರು ಅದರಡಿ ಮಲಗಿದ್ದರು? ಪರದೆಯ ಸ್ಥಿತಿ ಹೇಗಿದೆ? ‘ನಿನ್ನೆ ರಾತ್ರಿ’ ಎಂಬ ಮಾತು ಇಲ್ಲಿ ಮುಖ್ಯ. ಸಾಮಾನ್ಯವಾಗಿ ಬಳಸುತ್ತೀರಾ ಎಂದರೆ ಯಾರೂ ಹೌದೆನ್ನುತ್ತಾರೆ. ನಿನ್ನೆಯ ರಾತ್ರಿಯನ್ನು ನೆನಪಿಸಿಕೊಂಡು ಉತ್ತರಿಸುವಾಗ ನಿಜ ಹೊರಬರುತ್ತದೆ.

ಸೊಳ್ಳೆಯೂ ಬದಲಾಗುತ್ತದೆ

ಒಂದೇ ಗುಂಪಿನ ಕೀಟನಾಶಕವನ್ನು ವರ್ಷಗಟ್ಟಲೆ ಬಳಸಿದರೆ, ಅದನ್ನು ತಾಳಿಕೊಳ್ಳಬಲ್ಲ ಸೊಳ್ಳೆಗಳು ಉಳಿದು ಸಂತಾನ ಬೆಳೆಸುತ್ತವೆ. ಪೈರೆಥ್ರಾಯ್ಡ್‌ಗೆ ಇಂಥ ಪ್ರತಿರೋಧ ಆಫ್ರಿಕಾದಲ್ಲಿ ವ್ಯಾಪಕವಾಗಿ ಹಬ್ಬಿದೆ. ಹಾಗಾದರೆ ಪರದೆ ವ್ಯರ್ಥವಾಯಿತೆ? ಭಾರತದ ಛತ್ತೀಸಗಢದ ಕೇಶಕಾಲ್ ಪ್ರದೇಶವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು: ಸೊಳ್ಳೆಗಳಲ್ಲಿ ಪ್ರತಿರೋಧವಿದ್ದ ಕಡೆಗಳಲ್ಲೂ ಪರದೆ ಬಳಸಿದವರಿಗೆ ಬಳಸದವರಿಗಿಂತ ಸೋಂಕು ಕಡಿಮೆ.

ಇದರಿಂದ ಸಮಾಧಾನಪಟ್ಟು ಸುಮ್ಮನಿರುವಂತಿಲ್ಲ. ಪರದೆಯ ಗುಣ ಒಮ್ಮೆ ಸಿದ್ಧವಾದ ಮೇಲೆ ಯಾವ ಹಳ್ಳಿಯನ್ನೂ ಪರದೆಯಿಲ್ಲದೆ ಇರಿಸುವುದು ನ್ಯಾಯವಲ್ಲ; ಆದುದರಿಂದ ಈಗಿನ ಪರೀಕ್ಷೆಗಳು ಹಳೆಯ ಪರದೆಯನ್ನು ಹೊಸ ಪರದೆಯೊಡನೆ ಹೋಲಿಸುತ್ತವೆ. ಟಾಂಜಾನಿಯಾದಲ್ಲಿ ನಡೆದ ಇಂಥದೊಂದು ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಎರಡು ವರ್ಷಗಳ ಬಳಿಕ, ಪೈರೆಥ್ರಾಯ್ಡ್ ಮಾತ್ರವಿದ್ದ ಪರದೆಯ ಹಳ್ಳಿಗಳಲ್ಲಿ ಶೇ 45.8 ಮಕ್ಕಳಿಗೆ ಮಲೇರಿಯಾ ಸೋಂಕಿದ್ದರೆ, ಅದರೊಡನೆ ಕ್ಲೋರ್‌ಫೆನಪಿರ್ ಎಂಬ ಬೇರೆ ಬಗೆಯ ಕೀಟನಾಶಕವನ್ನೂ ಸೇರಿಸಿದ ಪರದೆಯ ಹಳ್ಳಿಗಳಲ್ಲಿ ಅದು ಶೇ 25.6. ಬೆನಿನ್ ದೇಶದ ಪರೀಕ್ಷೆಯೂ ಇದನ್ನೇ ಸಮರ್ಥಿಸಿತು. ಪ್ರತಿರೋಧವಿರುವ ಪ್ರದೇಶಗಳಿಗೆ ಇಂಥ ಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಚ್‌ನಲ್ಲಿ ಶಿಫಾರಸು ಮಾಡಿತು.

ನಮ್ಮ ದೇಶದ ಅನುಭವ

ಭಾರತದಲ್ಲಿ ದೀರ್ಘಬಾಳಿಕೆಯ ಪರದೆಗಳ ಸರಕಾರಿ ವಿತರಣೆ 2009ರಲ್ಲಿ ಆರಂಭವಾಯಿತು. ಮಲೇರಿಯಾದ ಹೊರೆ ಬಹುಕಾಲ ಹೊತ್ತಿದ್ದ ಒಡಿಶಾದಲ್ಲಿ 2017ರಲ್ಲಿ ಸುಮಾರು 1 ಕೋಟಿ 10 ಲಕ್ಷ ಪರದೆಗಳನ್ನು ಹಂಚಲಾಯಿತು. 2016ರಲ್ಲಿ ಅಲ್ಲಿ ಸುಮಾರು 4.4 ಲಕ್ಷವಿದ್ದ ಪ್ರಕರಣಗಳು 2018ರಲ್ಲಿ 66 ಸಾವಿರದ ಆಸುಪಾಸಿಗೆ ಇಳಿದವು. ಇಳಿಕೆ ನಿಜ, ಅದು ಹೆಮ್ಮೆಪಡುವಂಥದು. ಆದರೆ ಅದೇ ಕಾಲದಲ್ಲಿ ದುರ್ಗಮ ಹಳ್ಳಿಗಳಲ್ಲಿ ಜ್ವರವಿಲ್ಲದವರನ್ನೂ ಸೇರಿಸಿ ಎಲ್ಲರ ರಕ್ತಪರೀಕ್ಷೆ ಮಾಡಿ ಚಿಕಿತ್ಸೆ ಕೊಡುವ ‘ದಮನ್’ ಕಾರ್ಯಕ್ರಮವೂ ನಡೆದಿತ್ತು. ಆಶಾ ಕಾರ್ಯಕರ್ತೆಯರು ಮನೆಬಾಗಿಲಲ್ಲೇ ತಪಾಸಣೆ ಮಾಡುತ್ತಿದ್ದರು. ಇಳಿಕೆಯಲ್ಲಿ ಪರದೆಯ ಪಾಲೆಷ್ಟು, ಔಷಧಿಯ ಪಾಲೆಷ್ಟು ಎಂದು ಈ ಅಂಕಿಗಳಿಂದ ಬೇರ್ಪಡಿಸಲಾಗದು. ಹೋಲಿಕೆಯ ಹಳ್ಳಿಗಳು ಏಕೆ ಬೇಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಎಲ್ಲ ಊರಿಗೂ ಪರದೆಯೊಂದೇ ಮದ್ದಲ್ಲ. ಕಾಸರಗೋಡಿನ ನಮ್ಮ ಓದುಗರಿಗೆ ನೆರೆಯ ಮಂಗಳೂರಿನ ಅನುಭವ ಗೊತ್ತಿದೆ. ಅಲ್ಲಿ 1990ರ ದಶಕದಿಂದ ಮಲೇರಿಯಾ ಕಾಡಿದ್ದು ಅನಾಫಿಲಿಸ್ ಸ್ಟೀಫೆನ್ಸಿ ಎಂಬ ನಗರದ ಸೊಳ್ಳೆಯಿಂದ. ಅದು ಮೊಟ್ಟೆಯಿಡುವುದು ಟ್ಯಾಂಕಿ, ಬಾವಿ, ಕಟ್ಟಡ ಕಾಮಗಾರಿಯಲ್ಲಿ ನಿಲ್ಲಿಸಿದ ನೀರು ಮೊದಲಾದ ತಿಳಿನೀರಿನ ತಾಣಗಳಲ್ಲಿ. ಅಲ್ಲಿ ನೀರನ್ನು ಮುಚ್ಚಿಡುವುದು, ವಾರಕ್ಕೊಮ್ಮೆ ಬರಿದು ಮಾಡುವುದು ಪರದೆಯಷ್ಟೇ ಮುಖ್ಯ. ಮಲಗುವ ಮೊದಲೇ ಕಚ್ಚುವ ಸೊಳ್ಳೆಯನ್ನು ಹಾಸಿಗೆಯ ಪರದೆ ತಡೆಯಲಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಪರದೆಯ ಹರಕನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಸರಳ ಗಣಿತವೊಂದಿದೆ. ಮೇಲಿನ ತರಗತಿಗಳ ಮಕ್ಕಳು ಇದನ್ನು ಮನೆಯಲ್ಲೇ ಮಾಡಬಹುದು. ಹೆಬ್ಬೆರಳು ದಾಟದಷ್ಟು ಸಣ್ಣ ತೂತಿಗೆ 1 ಅಂಕ, ಅದಕ್ಕಿಂತ ದೊಡ್ಡದಾಗಿದ್ದು ಮುಷ್ಟಿ ದಾಟದ ತೂತಿಗೆ 23, ಮುಷ್ಟಿ ದಾಟಿ ತಲೆ ದಾಟದ ತೂತಿಗೆ 196, ತಲೆಯೂ ದಾಟುವ ಹರಕಿಗೆ 576. ಅರ್ಧ ಸೆಂಟಿಮೀಟರಿಗಿಂತ ಕಿರಿದಾದವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಎಲ್ಲ ಅಂಕಗಳನ್ನು ಕೂಡಿದಾಗ 64ರೊಳಗಿದ್ದರೆ ಪರದೆ ಚೆನ್ನಾಗಿದೆ. 65ರಿಂದ 642ರವರೆಗೆ ಇದ್ದರೆ ಹೊಲಿದು ಬಳಸಬಹುದು. ಅದನ್ನು ಮೀರಿದರೆ ಬದಲಿಸಬೇಕು. ಉದಾಹರಣೆಗೆ, ಮೂರು ಸಣ್ಣ ತೂತು ಹಾಗೂ ಎರಡನೆಯ ಬಗೆಯ ಎರಡು ತೂತುಗಳಿದ್ದರೆ ಮೊತ್ತ 49. ಮೂರನೆಯ ಬಗೆಯವು ನಾಲ್ಕಿದ್ದರೆ 784. ಆ ಪರದೆಯ ಕಾಲ ಮುಗಿದಿದೆ.

ಹೊಸ ಪರದೆಯನ್ನು ಹೊದಿಕೆಯಿಂದ ತೆಗೆದು ಒಂದು ದಿನ ನೆರಳಿನಲ್ಲಿ ಗಾಳಿಗೆ ಹರಡಿ, ಬಳಿಕ ಕಟ್ಟಬೇಕು. ಅಂಚನ್ನು ಹಾಸಿಗೆಯ ಅಥವಾ ಚಾಪೆಯ ಅಡಿಗೆ ಸಿಕ್ಕಿಸಬೇಕು. ತಣ್ಣೀರು ಹಾಗೂ ಸೌಮ್ಯವಾದ ಸಾಬೂನಿನಿಂದ ಒಗೆದು ನೆರಳಿನಲ್ಲೇ ಒಣಗಿಸಬೇಕು. ಬ್ಲೀಚಿಂಗ್ ಪುಡಿ ಸಲ್ಲದು. ಒಗೆತ ಮಿತವಾಗಿರಲಿ. ಮೂರು ತಿಂಗಳಿಗೊಮ್ಮೆಯಾದರೆ ಮೂರು ವರ್ಷಕ್ಕೆ ಹನ್ನೆರಡು ಒಗೆತ. ವಾರಕ್ಕೊಮ್ಮೆಯಾದರೆ ಇಪ್ಪತ್ತು ಒಗೆತ ಐದು ತಿಂಗಳೊಳಗೇ ಮುಗಿಯುತ್ತವೆ. ಪೈರೆಥ್ರಾಯ್ಡ್ ಮೀನುಗಳಿಗೆ ವಿಷವಾದ್ದರಿಂದ ಕೆರೆ, ತೋಡು, ಹೊಳೆಗಳಲ್ಲಿ ಒಗೆಯಬಾರದು, ಹಳೆಯ ಪರದೆಯನ್ನು ಮೀನಿನ ಬಲೆಯಾಗಿಸಲೂಬಾರದು. ಹೊದಿಕೆಯ ಮೇಲಿನ ಸೂಚನೆ ಕನ್ನಡದಲ್ಲಿಲ್ಲದಿದ್ದರೆ, ರಾಜ್ಯಭಾಷೆಯನ್ನು ಶಾಲೆಯಲ್ಲಿ ಕಲಿಯುತ್ತಿರುವ ಮಗು ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಲಿ.

ಕೊನೆಯದಾಗಿ, ಪರದೆಯಡಿ ಮಲಗಿದರೂ ಜ್ವರ ಬಂತೆಂದು ಪರದೆಯನ್ನು ಮೂಲೆಗೆಸೆಯುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಭಾರತದಲ್ಲಿ ಸಾಮಾನ್ಯವಾಗಿರುವ ವೈವ್ಯಾಕ್ಸ್ ಬಗೆಯ ಪರೋಪಜೀವಿ ಯಕೃತ್ತಿನಲ್ಲಿ ಅಡಗಿ ಕುಳಿತು, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಸೊಳ್ಳೆ ಮತ್ತೆ ಕಚ್ಚದೆಯೂ ಜ್ವರ ತರಬಲ್ಲದು. ಅದನ್ನು ಬೇರುಸಹಿತ ಕೀಳಲು ವೈದ್ಯರು ಹೇಳಿದ ಮಾತ್ರೆಗಳನ್ನು ಅವಧಿ ಮುಗಿಯುವತನಕ ನುಂಗಬೇಕು. ಜ್ವರ ಬಂದರೆ ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಪರದೆ ರೋಗವನ್ನು ತಡೆಯಬಲ್ಲದು, ವಾಸಿಮಾಡಲಾರದು. ಕಪಾಟಿನಲ್ಲಿ ಮಡಿಸಿಟ್ಟ ಪರದೆ ತಡೆಯಲೂ ಆರದು. ಇಂದು ರಾತ್ರಿ ಮನೆಯಲ್ಲಿ ಎಷ್ಟು ಮಂದಿ ಪರದೆಯಡಿ ಮಲಗುತ್ತಾರೆ ಎಂಬುದೇ ನಾವೆಲ್ಲ ಇಟ್ಟುಕೊಳ್ಳಬೇಕಾದ ಮೊದಲ ಲೆಕ್ಕ.